ನಮ್ಮ ತೋಪಿನ ಮುಯ್ಯಿಗೆ ಸಂಬಂಧಿಸಿದಂತೆ

ಮಾನ್ಯ ಓದುಗರೇ,

ಬರವಣಿಗೆ ಎಂಬುದು ಮನುಷ್ಯರಿಗೆ ಎರಡು ದಿಕ್ಕಿನಿಂದ ಬರುತ್ತದೆ ಎಂದು ನನ್ನ ತಿಳಿವಳಿಕೆ. ಕೆಲವರಿಗೆ ಅದು ಹೃದಯದ ಒಳಗಿನಿಂದ ಬರುತ್ತದೆ. ಉಳಿದವರಿಗೆ ಮೇಲಧಿಕಾರಿಗಳ ಕೊಠಡಿಯಿಂದ ಬರುತ್ತದೆ. ನಾನು ಎರಡನೆಯ ವರ್ಗಕ್ಕೆ ಸೇರಿದವಳೆಂಬ ಅಂಶವನ್ನು ಮೊದಲಿಗೇ ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಕನಕಪುರದ ಒಂದು ಸರ್ಕಾರಿ ಕಚೇರಿಯಲ್ಲಿ (ಯಾವ ಕಚೇರಿ ಎಂದು ತಿಳಿಸುವುದು ಸೇವಾ ನಿಯಮಗಳಿಗೆ ಒಪ್ಪಿತವೋ ಅಲ್ಲವೋ ಖಚಿತವಿಲ್ಲದ ಕಾರಣ ತಿಳಿಸುತ್ತಿಲ್ಲ) ಪತ್ರಗಳ ಕರಡು ಸಿದ್ಧಪಡಿಸುವ ಮೇಜಿನ ಹಿಂದೆ ಕುಳಿತೇ ನನ್ನ ಕೂದಲು ನರೆತಿದೆ. ಬರೆಯುವವಳು ನಾನು, ಸಹಿ ಹಾಕುವವರು ಸಾಹೇಬರು, ಬೈಗುಳ ತಿನ್ನುವವರು ಯಾರು ಎಂಬುದನ್ನು ಸಂದರ್ಭಾನುಸಾರ ನಿರ್ಧರಿಸಲಾಗುತ್ತದೆ. ಹೀಗಾಗಿ ಪ್ರಬಂಧ ಬರೆಯಲು ಕುಳಿತ ಈ ಗಳಿಗೆಯಲ್ಲಿ ಪ್ರತಿ ಸಾಲಿಗೂ ತಡವರಿಸುತ್ತಿದ್ದೇನೆ. 'ವಿಷಯ' ಎಂಬ ಒಕ್ಕಣೆ ಇಲ್ಲದೆ ವಿಷಯವನ್ನು ಹೇಗೆ ಆರಂಭಿಸುತ್ತಾರೆ, 'ಉಲ್ಲೇಖ' ಇಲ್ಲದೆ ಒಂದು ವಾಕ್ಯ ಧೈರ್ಯವಾಗಿ ಹೇಗೆ ನಿಲ್ಲುತ್ತದೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಈ ಶೈಲಿ ಕಚೇರಿಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದು ಊಟದ ಡಬ್ಬಿಯ ಜೊತೆಗೆ ಮನೆಗೂ ಬರುತ್ತದೆ. ಒಮ್ಮೆ ಸೊಪ್ಪು ಮಾರುವವಳನ್ನು "ದಂಟಿನ ಸೊಪ್ಪು ಲಭ್ಯವಿದೆಯೇ?" ಎಂದು ಕೇಳಿದೆ. ಅವಳು ಬುಟ್ಟಿಯನ್ನೆಲ್ಲ ಹುಡುಕಿ, "ಲಭ್ಯ ಇಲ್ಲ ಕಣಕ್ಕ, ದಂಟ್ ಐತೆ, ತಗತೀಯಾ?" ಎಂದಳು. ಮದುವೆಗೆ ಮುನ್ನ ನಮ್ಮ ಮನೆಯವರು ಬರೆದಿದ್ದ ಪತ್ರಕ್ಕೆ ನಾನು ಕೊಟ್ಟ ಉತ್ತರವು "ತಮ್ಮ ಪತ್ರ ತಲುಪಿದೆ. ಅದರಲ್ಲಿ ವ್ಯಕ್ತಪಡಿಸಿರುವ ಭಾವನೆಗಳನ್ನು ಗಮನಿಸಲಾಗಿದೆ" ಎಂದು ಆರಂಭವಾಗಿತ್ತು. ಅವರು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರು. ಜೀವನದ ಯಾವ ಸಮಸ್ಯೆಯೂ ಒಂದು ವಿಸಲ್ ಊದಿದರೆ ಸಾಲಾಗಿ ನಿಲ್ಲುತ್ತದೆ ಎಂದು ನಂಬಿದವರು. "ಗಮನಿಸಲಾಗಿದೆ ಸರಿ, ಮಂಜೂರಾತಿ ಯಾವಾಗ?" ಎಂದು ಇಂದಿಗೂ, ಮಗಳಿಗೆ ಮದುವೆಯಾದ ಮೇಲೂ, ಕೇಳುತ್ತಿರುತ್ತಾರೆ.

ಇಂಥವಳು ಲೇಖನಿ ಹಿಡಿಯಲು ಕಾರಣ ನಮ್ಮ ಬಡಾವಣೆಯ ತೋಪು. ಅದರ ಬಗ್ಗೆ ಊರಿನಲ್ಲಿ ತಲೆಗೊಂದು ಕಥೆ ಹಬ್ಬಿದೆ. ನಾವು ಮರಗಳನ್ನು ಉಳಿಸಿದ ವೀರರೆಂದು ಕೆಲವರೂ, ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಕಿಡಿಗೇಡಿಗಳೆಂದು ಕೆಲವರೂ ಹೇಳುತ್ತಿದ್ದಾರೆ. ಎರಡೂ ಅಪೂರ್ಣ ಮಾಹಿತಿ. ಆ ಮರಗಳನ್ನು ಕೊಲ್ಲಲು ಹೊರಟಿದ್ದವರೂ ನಾವೇ ಎಂಬ ಅಂಶ ಎರಡರಲ್ಲೂ ಬಿಟ್ಟುಹೋಗಿದೆ. ಆದ್ದರಿಂದ ವಾಸ್ತವಾಂಶಗಳನ್ನು ಈ ಮೂಲಕ ದಾಖಲಿಸುತ್ತಿದ್ದೇನೆ. ಇದು ಮನವಿಯಲ್ಲ, ಕ್ಷಮಾಪಣೆಯೂ ಅಲ್ಲ. ಯಾರಿಂದಲೂ ಯಾವ ಸೂಕ್ತ ಕ್ರಮವನ್ನೂ ಕೋರುತ್ತಿಲ್ಲ. ಕೋರುವುದನ್ನು ನಾವು ಬಿಟ್ಟುಬಿಟ್ಟಿದ್ದೇವೆ.

ನಮ್ಮ ಬಡಾವಣೆಯ ಕೊನೆಯ ಅಡ್ಡರಸ್ತೆ ಮುಗಿಯುವಲ್ಲಿ, ಮಳೆನೀರಿನ ಕಾಲುವೆಯ ಪಕ್ಕಕ್ಕೆ, ಉದ್ದಕ್ಕೂ ಚಾಚಿಕೊಂಡ ಒಂದು ಜಾಗವಿದೆ. ನಕಾಶೆಯಲ್ಲಿ ಅದನ್ನು 'ಸಾರ್ವಜನಿಕ ಉಪಯೋಗಕ್ಕೆ ಕಾಯ್ದಿರಿಸಿದ್ದು' ಎಂದು ತೋರಿಸಲಾಗಿದೆ. ಸಾರ್ವಜನಿಕರು ಬಹುಕಾಲ ಅದನ್ನು ಒಡೆದ ಗೋಡೆಯ ಚೂರು, ಹರಿದ ಹಾಸಿಗೆ ಮತ್ತು ಕೋಳಿಯಂಗಡಿಯ ಪುಕ್ಕ ಸುರಿಯಲು ಪ್ರಾಮಾಣಿಕವಾಗಿ ಉಪಯೋಗಿಸಿದರು. ಈ ರಾಶಿಯ ನಡುವೆಯೂ, ಇಲ್ಲೆಲ್ಲ ಹೊಲಗಳಿದ್ದ ಕಾಲದ ಹೊಂಗೆ ಮರಗಳೂ ನೇರಳೆ ಮರಗಳೂ ತಲೆಯೆತ್ತಿ ನಿಂತಿದ್ದವು. ನಮ್ಮದು ಬಂಡೆಯ ಸೀಮೆ. ಚೈತ್ರ ಬಂತೆಂದರೆ ಊರೇ ಕಾದ ಹೆಂಚಾಗುತ್ತದೆ. ಆಗ ಈ ಮರಗಳ ಕೆಳಗೆ ಮಾತ್ರ ಮನುಷ್ಯರು ಮನುಷ್ಯರಂತೆ ಮಾತನಾಡುತ್ತಾರೆ. ರೇಷ್ಮೆಗೂಡು ಮಾರಿ ಬಂದ ರೈತರು ಇಲ್ಲಿ ಟವೆಲ್ ಹಾಸಿ ಮಲಗುತ್ತಾರೆ. ಬೆಂಗಳೂರಿನ ಬಸ್ಸು ತಪ್ಪಿಸಿಕೊಂಡವರು ಇಲ್ಲಿ ಬಂದು ಬಸ್ಸನ್ನು ಬೈಯುತ್ತಾರೆ. ಹೀಗಾಗಿ ಒಂದು ಭಾನುವಾರ ಬೀದಿಯವರೆಲ್ಲ ಸೇರಿ ಕಸ ಎತ್ತಿದೆವು. ಎತ್ತಲಾಗದ ಗೋಡೆಯ ಚೂರುಗಳನ್ನು ಕಾಲುವೆಯ ಅಂಚಿಗೆ ನೂಕಿ ಏರಿಯಂತೆ ಒತ್ತಿದೆವು. ಖಾಲಿಯಾದ ಕಡೆ ಬೇವು, ಸಂಪಿಗೆಯ ಸಸಿಗಳನ್ನು ಮನೆಗೊಂದರಂತೆ ನೆಟ್ಟೆವು. ಆ ಏರಿಯ ಬಗ್ಗೆ ಆ ದಿನ ನಮಗೆ ಬಹಳ ಹೆಮ್ಮೆಯಿತ್ತು.

ನೆಟ್ಟ ಮೇಲೆ ನೋಡಿಕೊಳ್ಳುವ ಪ್ರಶ್ನೆ. ಒಂದು ಸಂಘ ಸ್ಥಾಪಿಸುವ ಪ್ರಸ್ತಾವನೆ ಬಂತು. ಹೆಸರಿನಲ್ಲಿ 'ವೃಕ್ಷ' ಇರಬೇಕೋ 'ಹಸಿರು' ಇರಬೇಕೋ ಎಂಬ ಚರ್ಚೆಯಲ್ಲೇ ಸಭೆ ಮುರಿದುಬಿತ್ತು; ಇಬ್ಬರು ತಮ್ಮ ಕುರ್ಚಿಗಳನ್ನು ಎತ್ತಿಕೊಂಡೇ ಹೊರಟರು. ಆಗ ಎದ್ದು ನಿಂತವರು ಪುಟ್ಟತಾಯಮ್ಮ. ನಮ್ಮ ಎದುರು ಮನೆಯವರು, ಮರಳವಾಡಿ ಕಡೆಯ ಒಕ್ಕಲು ಮನೆತನದವರು. ಊರಿನಲ್ಲಿ ಈಗಲೂ ಹೊಲವಿದೆ, ಇಲ್ಲಿ ಮೂರಂತಸ್ತಿನ ಮನೆಯಿದೆ, ಎರಡಕ್ಕೂ ಕೇಳಿಸುವಂಥ ಕಂಠವಿದೆ.

"ಸಂಗ ಗಿಂಗ ಯಾತಕ್ರಪ್ಪ?" ಎಂದರು. "ನಮ್ಮೂರ್‌ನಾಗೆ ರಾಗಿ ಕುಯ್ಯಕ್ಕೆ ಸಂಗ ಮಾಡ್ಕತಾರಾ? ಇವತ್ತು ನಿನ್ ವಲಕ್ಕೆ ನಾನ್ ಬತ್ತೀನಿ, ನಾಳೀಕೆ ನನ್ ವಲಕ್ಕೆ ನೀನ್ ಬಾ. ಮುಯ್ಯಿ. ಮುಗೀತು."

ಮುಯ್ಯಿ ಎಂದರೇನೆಂದು ನಮ್ಮ ಸೀಮೆಯವರಿಗೆ ವಿವರಿಸಬೇಕಿಲ್ಲ. ದುಡ್ಡಿಲ್ಲ, ಕಾಗದವಿಲ್ಲ, ಅಧ್ಯಕ್ಷರಿಲ್ಲ. ನನ್ನ ಕೆಲಸಕ್ಕೆ ನೀನು, ನಿನ್ನ ಕೆಲಸಕ್ಕೆ ನಾನು. ಯಾರಾದರೂ ಊರಿಗೆ ಹೋದರೆ ಅವರ ಸಸಿಗೆ ಪಕ್ಕದವರು ನೀರು ಹಾಕುವುದು, ಬಂದ ಮೇಲೆ ಅವರು ಇವರ ಸಸಿಗೆ ಹಾಕಿ ತೀರಿಸುವುದು. ಕಚೇರಿಯ ಅನುಭವದಿಂದ ಹೇಳುತ್ತೇನೆ, ಇಷ್ಟು ಚುರುಕಾಗಿ ನಡೆಯುವ ವ್ಯವಸ್ಥೆಯನ್ನು ನಾನು ಎಲ್ಲೂ ಕಂಡಿರಲಿಲ್ಲ. ಒಂದು ಜ್ಞಾಪನ ಪತ್ರವೂ ಬೇಕಾಗಲಿಲ್ಲ. ಆದರೆ ಮುಯ್ಯಿಗೆ ಒಂದು ಹಳೆಯ ಮರ್ಯಾದೆಯಿದೆ, ಅದನ್ನು ನಾವು ಯಾರೂ ಗಮನಕ್ಕೆ ತೆಗೆದುಕೊಂಡಿರಲಿಲ್ಲ. ಪಡೆದದ್ದಕ್ಕಿಂತ ಕಡಿಮೆ ತೀರಿಸುವುದು ಅವಮಾನ. ಪಡೆದಷ್ಟನ್ನೇ ತೀರಿಸುವುದು ಜಿಪುಣತನ. ಒಂದು ಹಿಡಿ ಹೆಚ್ಚಾಗಿ ತೀರಿಸಿದರೆ ಮಾತ್ರ ತಲೆಯೆತ್ತಿ ಓಡಾಡಬಹುದು. ಮದುವೆ ಮನೆಯ ಉಡುಗೊರೆಗೆ ಈ ನಿಯಮ ಸರಿ. ಸಂಪಿಗೆ ಸಸಿಗೆ ಸರಿಯಲ್ಲ.

ನಾನು ಒಂದು ಮದುವೆಗೆಂದು ಮಾಗಡಿಗೆ ಹೋಗಿದ್ದೆ. ನನ್ನ ಸಂಪಿಗೆಗೆ ಪಕ್ಕದ ಮನೆಯ ಕೆಂಪರಾಜು ಒಂದು ಬಿಂದಿಗೆ ನೀರು ಹಾಕಿದ್ದರು. ಅವರು ಕಲ್ಲು ಸಾಗಿಸುವ ಲಾರಿಯ ಮಾಲೀಕರು, ಚಾಲಕರೂ ಅವರೇ. ಬಂದ ಮೇಲೆ ನಾನು ಅವರ ಬೇವಿಗೆ ಎರಡು ಬಿಂದಿಗೆ ಹಾಕಿದೆ. ಸರ್ಕಾರಿ ನೌಕರಳೆಂಬ ಗೌರವವೂ ಇತ್ತಲ್ಲ. ಮರುದಿನ ಬೆಳಿಗ್ಗೆ ಲಾರಿಯ ಹಾರ್ನ್ ಕೇಳಿ ಹೊರಗೆ ಬಂದರೆ ಕೆಂಪರಾಜು ಒಂದು ಡ್ರಮ್ ಇಳಿಸುತ್ತಿದ್ದರು.

"ಏನ್ ಮೇಡಮ್ಮೋರೆ, ಎರಡ್ ಬಿಂದ್ಗೆ ಉಯ್ದ್‌ಬುಟ್ಟು ನಮ್ ಮಾನ ಕಳೀಬೇಕು ಅಂತಿದ್ರಾ? ತಗಳಿ, ಡ್ರಮ್ಮೇ ತಂದಿವ್ನಿ!"

ಇದಕ್ಕೆ ಪ್ರತಿಯಾಗಿ ನಮ್ಮ ಮನೆಯವರು ಬಟ್ಟೆ ಒಗೆಯುವ ಯಂತ್ರದ ಪೈಪಿಗೆ ಇನ್ನೊಂದು ಪೈಪು ಜೋಡಿಸಿ ರಸ್ತೆ ದಾಟಿಸಿದರು. ಪುಟ್ಟತಾಯಮ್ಮನವರು ತಮ್ಮ ಕೊಳವೆಬಾವಿಯನ್ನೇ ತೋಪಿನ ಕಡೆಗೆ ತಿರುಗಿಸಿದರು. ಅವರಿಗೆ ಯಾರೂ ಮುಯ್ಯಿ ತೀರಿಸಲಾಗದೆ ಇಡೀ ಬೀದಿ ನಾಚಿಕೆಯಿಂದ ಬಕೆಟ್ಟು ಹಿಡಿದು ಓಡಾಡತೊಡಗಿತು. ಊರಿಗೆ ಹೋಗದವರ ಸಸಿಗೂ ನೀರು ಬೀಳತೊಡಗಿತು. ಬೇಡವೆಂದರೆ ಜಗಳ. "ಯಾಕೆ, ನಾವ್ ಆಕಿದ್ ನೀರು ನಿಮ್ಮ ಗಿಡುಕ್ಕೆ ಸೇರಾಕಿಲ್ವಾ?" ಎಂದು ಒಬ್ಬರು ನನ್ನನ್ನೇ ಕೇಳಿದರು. ನಾನು ತಕ್ಷಣ ಅವರ ಸಸಿಗೆ ಒಂದು ಬಕೆಟ್ಟು ಸುರಿದು ಸಂಬಂಧ ಸುಧಾರಿಸಿದೆ.

ಸಸಿಗಳ ಎಲೆ ಹಳದಿಯಾಯಿತು. ಬುದ್ಧಿ ಇದ್ದವರು ಅಲ್ಲಿಗೆ ನಿಲ್ಲಿಸಬೇಕಿತ್ತು. ಪುಟ್ಟತಾಯಮ್ಮ ಎಲೆಯೊಂದನ್ನು ಕೈಯಲ್ಲಿ ಮಡಚಿ ನೋಡಿ, "ಬಿಸ್ಲು ಕಣವ್ವ, ಗಂಟ್ಲು ಒಣಗೈತೆ. ಇನ್ನೊಂದ್ ಒಸಿ ಉಯ್ಯಿ" ಎಂದರು. ಉಯ್ದೆವು. ಹಳದಿ ಹೆಚ್ಚಾಯಿತು, ನಾವೂ ಹೆಚ್ಚಿಸಿದೆವು. ನಾವು ಒತ್ತಿ ಕಟ್ಟಿದ್ದ ಗೋಡೆಚೂರಿನ ಏರಿ ನೀರನ್ನು ಕಾಲುವೆಗೆ ಹರಿಯಲು ಬಿಡಲಿಲ್ಲ, ಅಡಿಯಲ್ಲಿದ್ದ ಬಂಡೆ ನೀರನ್ನು ಭೂಮಿಗೆ ಇಳಿಯಲು ಬಿಡಲಿಲ್ಲ. ತೋಪು ಹೋಗಿ ಕೆರೆಯಾಯಿತು. ಎಲ್ಲಿಂದಲೋ ಕಪ್ಪೆಗಳು ಬಂದು ಕಾಯಂ ಆದವು. "ಈಜು ಸ್ಪರ್ಧೆ ಇಡಿಸೋಣ್ವಾ? ವಿಸಲ್ ನನ್ಹತ್ರ ಇದೆ" ಎಂದರು ನಮ್ಮ ಮನೆಯವರು. ಒಂದು ಬೆಳಿಗ್ಗೆ ಕೆಂಪರಾಜು ಅವರ ಬೇವು ಯಾರೂ ಮುಟ್ಟದೆ ತಾನಾಗಿಯೇ, ಕಚೇರಿಯಲ್ಲಿ ಮಧ್ಯಾಹ್ನದ ಹೊತ್ತು ನಮ್ಮ ದಫೇದಾರರು ಒರಗುವ ಹಾಗೆ, ಮೆಲ್ಲಗೆ ಒರಗಿಕೊಂಡಿತು. ಅದೇ ವಾರ ರಸ್ತೆಗೆ ಹರಿದಿದ್ದ ಕೆಸರಿನಲ್ಲಿ ಒಂದು ಸ್ಕೂಟರ್ ಜಾರಿತು. ಸವಾರರಿಗೆ ಏನೂ ಆಗಲಿಲ್ಲ. ಎದ್ದವರೇ ಫೋಟೋ ತೆಗೆದು ಸಂಬಂಧಪಟ್ಟ ಕಚೇರಿಗೆ ದೂರು ಕೊಟ್ಟರು.

ಸಂಬಂಧಪಟ್ಟ ಕಚೇರಿಯಿಂದ ಬಂದವರು ಒಬ್ಬ ತರುಣ ಇಂಜಿನಿಯರ್. ಮಾತು ಮೃದು, ಷೂ ಹೊಸದು. ತೋಪಿನೊಳಗೆ ಒಂದು ಹೆಜ್ಜೆ ಇಟ್ಟರು. ಕಾಲು ಮಾತ್ರ ವಾಪಸ್ಸು ಬಂತು, ಷೂ ಬರಲಿಲ್ಲ. ಕೆಂಪರಾಜು ಅದನ್ನು ಕಿತ್ತು ಕೊಟ್ಟರು. ಆ ಷೂವನ್ನು ಕೈಯಲ್ಲಿ ಹಿಡಿದೇ ಇಂಜಿನಿಯರ್ ವಿಚಾರಣೆ ಆರಂಭಿಸಿದರು.

"ಇದರ ಅಧ್ಯಕ್ಷರು ಯಾರು?"

"ಅಧ್ಯಕ್ಸ್ರು ಇಲ್ಲ ಸಾರ್" ಎಂದರು ಕೆಂಪರಾಜು.

"ಕಾರ್ಯದರ್ಶಿ?"

"ಅವ್ರೂ ಇಲ್ಲ."

"ಮತ್ತೆ ಇದನ್ನ ನೋಡ್ಕೊಳ್ಳೋರು ಯಾರು?"

"ಎಲ್ಲಾರೂವೆ" ಎಂದರು ಪುಟ್ಟತಾಯಮ್ಮ.

"ಎಲ್ಲಾರೂ ಅಂದ್ರೆ ಯಾರೂ ಇಲ್ಲ ಅಂತ ಅಮ್ಮ, ನಮ್ಮ ರೂಲ್ಸ್ ಪ್ರಕಾರ."

"ಅದ್ಯಾವ್ ಸೀಮೆ ರೂಲ್ಸಪ್ಪ? ಚಿಕ್ಕೋನಾಗಿದ್ದಾಗ ನಿನ್ನ ಎತ್ತಾಡ್ಸುದ್ರಲ್ಲ, ಅವ್ವ, ಅಜ್ಜಿ, ಅತ್ತೆ, ಅವ್ರೊಳ್ಗೆ ಅಧ್ಯಕ್ಸ್ರು ಯಾರಾಗಿದ್ರು?"

ಇಂಜಿನಿಯರ್ ನಕ್ಕುಬಿಟ್ಟರು. ನಕ್ಕ ಮೇಲೆ ಒರಗಿದ್ದ ಬೇವಿನ ಬುಡವನ್ನು ಕಡ್ಡಿಯಿಂದ ಕೆದಕಿ, "ಬೇರು ಕೊಳೆತಿದೆ. ನೀರು ಜಾಸ್ತಿ ಆಗಿ. ಸಾಯಿಸ್ತಾ ಇರೋದು ನೀವೇ" ಎಂದರು. ಈ ಇಡೀ ಪ್ರಕರಣದಲ್ಲಿ ನಮ್ಮ ವಿರುದ್ಧ ನಿಂತವರೇ ಮೊದಲ ಸತ್ಯವನ್ನು ಹೇಳಿದರೆಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವರ ಎರಡನೆಯ ಮಾತು ಹೀಗಿತ್ತು: ಈ ಜಾಗ ನಿರ್ವಹಣೆಯಿಲ್ಲದೆ ಸೊಳ್ಳೆಯ ತಾಣವಾಗಿದೆ, ಮಣ್ಣು ಸಡಿಲವಾಗಿರುವುದರಿಂದ ಹಳೆಯ ಮರಗಳೂ ಅಪಾಯಕಾರಿ, ಆದ್ದರಿಂದ ಎಲ್ಲವನ್ನೂ ತೆರವುಗೊಳಿಸಿ ಕಾಂಕ್ರೀಟು ಹಾಕಿ ವಾಹನ ನಿಲುಗಡೆಗೆ ಕೊಡಲಾಗುವುದು, ವಾರದೊಳಗೆ ಯಂತ್ರ ಬರುತ್ತದೆ.

ಹೊಂಗೆ, ನೇರಳೆಗಳೂ ಸೇರಿ. ನಮ್ಮ ಅಜ್ಜಂದಿರ ಕಾಲದಿಂದ ಯಾರ ಬಿಂದಿಗೆಯನ್ನೂ ನೆಚ್ಚದೆ ನಿಂತ ಮರಗಳು ನಮ್ಮ ಮರ್ಯಾದೆಯ ದೆಸೆಯಿಂದ ಬೀಳುವ ಹಾಗಾಯಿತು.

ಆ ದಿನವೇ ನೀರು ನಿಲ್ಲಿಸಲು ತೀರ್ಮಾನವಾಯಿತು. ಆದರೆ ನಿಲ್ಲಿಸುವುದನ್ನು ಯಾರು ಆರಂಭಿಸಬೇಕು? "ನೀವ್ ಬುಟ್ರೆ ನಾನೂ ಬುಡ್ತೀನಿ" ಎಂದು ಕೆಂಪರಾಜು, "ಮೊದ್ಲು ಅವ್ನ್ ಡ್ರಮ್ಮು ಎತ್ತಲಿ" ಎಂದು ಪುಟ್ಟತಾಯಮ್ಮ. ಕೊನೆಗೆ ನಮ್ಮ ಮನೆಯವರು ನಡುರಸ್ತೆಯಲ್ಲಿ ನಿಂತು ವಿಸಲ್ ಊದಿ, ಎಲ್ಲರ ಬಕೆಟ್ಟುಗಳನ್ನೂ ಒಂದೇ ಸಲ ಕೆಳಗಿಡಿಸಿದರು. ಅವರ ಸಿದ್ಧಾಂತ ನಿಜವಾದದ್ದು ಅದೊಂದೇ ಸಲ. ಆದರೂ ನಿಂತ ನೀರು ಹೋಗಲೊಲ್ಲದು. ಏರಿಯನ್ನು ಒಡೆದು ಕಾಲುವೆಗೆ ದಾರಿ ಮಾಡಬೇಕಿತ್ತು. ಕೆಂಪರಾಜು ಹಾರೆ ಹಾಕಿದರು. ಸಿಮೆಂಟು, ಕಂಬಿ ಎಲ್ಲ ಕಚ್ಚಿಕೊಂಡು ಏರಿ ಕಲ್ಲಾಗಿತ್ತು, ಹಾರೆಯೇ ಬಾಗಿತು. "ನಾವ್ ಕಟ್ಟಿದ್ದು ಅಂದ್ರೆ ಸುಮ್ಕೆನಾ?" ಎಂದರು, ಆ ಸ್ಥಿತಿಯಲ್ಲೂ ಸ್ವಲ್ಪ ಜಂಬದಿಂದ.

ಯಂತ್ರ ಬರುವ ಹಿಂದಿನ ಸಂಜೆ ಕಾಫಿ ಕುಡಿಯುತ್ತ ನಾನು ನಮ್ಮ ಮನೆಯವರಿಗೆ ನನ್ನ ಸ್ಥಿತಿಯನ್ನು ನಿವೇದಿಸಿದೆ. ಸರ್ಕಾರಿ ನೌಕರಳು ಸರ್ಕಾರಿ ಯಂತ್ರಕ್ಕೆ ಎದುರು ನಿಲ್ಲುವುದು ನಡತೆ ನಿಯಮಗಳಿಗೆ ವಿರುದ್ಧ. ಬಡ್ತಿ ಹೋಗಬಹುದು. ಅಮಾನತ್ತೂ ಆಗಬಹುದು.

"ಅಮಾನತ್ತಾದ್ರೆ ಒಳ್ಳೇದೇ ಕಣೆ. ಮನೇಲಿ ಬಿಸಿ ಊಟ ಸಿಗುತ್ತೆ."

"ತಾವು ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಬೇಕು."

"ಪರಿಗಣಿಸಿದೆ. ನಿಂತ್ಕೊಳ್ಳೋಕೆ ಹೋಗ್ತೀಯೋ ಇಲ್ವೋ?"

ನಾನು ಖಾಲಿ ಲೋಟ ಕೆಳಗಿಟ್ಟೆ. ಅವರು ಲೋಟ ತೊಳೆಯಲು ಎದ್ದರು. ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಅವರು ಲೋಟ ತೊಳೆದರೆಂದರೆ ನನ್ನ ಮೇಲೆ ಏನೋ ನಂಬಿಕೆ ಇಟ್ಟಿದ್ದಾರೆಂದೇ ಅರ್ಥ.

ಮರುದಿನ ಬೆಳಿಗ್ಗೆ ಹಳದಿ ಯಂತ್ರ ಗುಡುಗುಡು ಎನ್ನುತ್ತ ಬಂತು. ಇಂಜಿನಿಯರ್ ಇನ್ನೂ ಬಂದಿರಲಿಲ್ಲ. ನಾನು ಕಚೇರಿಗೆ ಹೊರಟಿದ್ದೆ. ಕೈಯಲ್ಲಿ ಊಟದ ಬ್ಯಾಗು, ಕಂಕುಳಲ್ಲಿ ಕೊಡೆ. ಪಕ್ಕದಲ್ಲಿ ಹಾದುಹೋಗಬೇಕೆಂದೇ ಹೆಜ್ಜೆ ಹಾಕಿದವಳು. ಯಂತ್ರದ ಕೊಕ್ಕೆ ದೊಡ್ಡ ನೇರಳೆಯ ಕಡೆಗೆ ಏಳುವುದು ಕಂಡಿತು. ಆಮೇಲೆ ಏನಾಯಿತೆಂದು ನಾನು ಕ್ರಮಬದ್ಧವಾಗಿ ನಿರೂಪಿಸಲಾರೆ. ನಾನು ಕೊಡೆ ಬಿಚ್ಚಿಕೊಂಡು ಯಂತ್ರದ ಮುಂದೆ ನಿಂತಿದ್ದೆ. ಕೊಡೆ ಏಕೆ ಬಿಚ್ಚಿದೆನೆಂಬುದಕ್ಕೆ ಇಂದಿಗೂ ಸಮಜಾಯಿಷಿ ಇಲ್ಲ.

"ಸದರಿ ಯಂತ್ರವನ್ನು ತಕ್ಷಣದಿಂದ ಜಾರಿಗೆ ಬರುವಂತೆ ಹಿಂದಕ್ಕೆ ತೆಗೆದುಕೊಳ್ಳತಕ್ಕದ್ದು!" ಎಂದು ಕೂಗಿದೆ.

ಚಾಲಕ ಕಿಟಕಿಯಿಂದ ತಲೆ ಹೊರಹಾಕಿದ. "ಏನಮ್ಮೋ? ಏನಂದ್ರಿ?"

"ಇಂದಕ್ ತಗಳ್ಲಾ ಅಂದ್ರು!" ಎಂದು ಕೆಂಪರಾಜು ಹಿಂದಿನಿಂದ ಅನುವಾದಿಸಿದರು. ಅವರೂ ಬಂದು ಪಕ್ಕದಲ್ಲಿ ನಿಂತರು. ಬೀದಿಯ ಎಲ್ಲ ಮನೆಗಳಿಂದಲೂ ಜನ ಬಂದು ನಿಂತರು. ಯಾರ ಕೈಯಲ್ಲೂ ಫಲಕವಿರಲಿಲ್ಲ, ಬಾಯಲ್ಲಿ ಘೋಷಣೆಯಿರಲಿಲ್ಲ. ಕೆಲವರ ಕೈಯಲ್ಲಿ ಅಭ್ಯಾಸದಿಂದ ಖಾಲಿ ಬಿಂದಿಗೆಗಳಿದ್ದವು. ಪುಟ್ಟತಾಯಮ್ಮ ಮಾತ್ರ ಕಾಣಲಿಲ್ಲ. ಅವರಿಲ್ಲದೆ ನಮ್ಮ ದನಿ ಎಷ್ಟು ಸಣ್ಣದೆಂದು ಆಗ ಗೊತ್ತಾಯಿತು.

ಅವರು ಬಂದದ್ದು ತಟ್ಟೆ ಹಿಡಿದುಕೊಂಡು. ತಟ್ಟೆಯಲ್ಲಿ ಆಗಷ್ಟೇ ಸುಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೇಲೊಂದು ಬೆಣ್ಣೆಯುಂಡೆ. ನಮ್ಮ ಯಾರ ಕಡೆಗೂ ನೋಡದೆ ನೇರ ಯಂತ್ರದ ಬಳಿಗೆ ಹೋದರು.

"ಯಾವೂರಪ್ಪ ನಿಂದು?"

"ಮಾಗಡಿ ತಾವ, ತಿಪ್ಪಸಂದ್ರ ಕಣವ್ವ."

"ಒಟ್ಟೆಗೇನಾರ ಆಕಂಡಿದ್ದೀಯಾ?"

"ಎಲ್ಲಿ ಬಂತು? ಬೆಳ್ಗೆ ಎದ್ದೇಟ್ಗೆ ಕಳ್ಸುದ್ರು."

"ತಗ. ಇಳುದ್ ಬಂದ್ ನೆಳ್ಳಾಗ್ ಕುಂತ್ಕಂಡ್ ತಿನ್ನು. ಆಮ್ಯಾಕೆ ಆ ನೆಳ್ಳುನ್ನೇ ಕಡುದಾಕೀವಂತೆ, ಅದ್ಕೇನ್ ಆತ್ರ?"

ಅವನು ನೇರಳೆಯ ಕೆಳಗೇ ಕುಳಿತ. ಮೊದಲ ರೊಟ್ಟಿ ಮುಗಿಯುವವರೆಗೆ ಇಡೀ ಬೀದಿ ಅವನ ಬಾಯಿಯನ್ನೇ ನೋಡುತ್ತಿತ್ತು. ಎರಡನೆಯದನ್ನು ಬಡಿಸುವಾಗ ಪುಟ್ಟತಾಯಮ್ಮ ಏನೂ ತಿಳಿಯದವರಂತೆ, "ನಿಮ್ ಕಡೆ ಮುಯ್ಯಿ ಐತೇನಪ್ಪ?" ಎಂದು ಕೇಳಿದರು. ಅವನ ಕೈ ತುತ್ತಿನ ಜೊತೆ ಗಾಳಿಯಲ್ಲೇ ನಿಂತಿತು. ಬೆಣ್ಣೆಯನ್ನು ನೋಡಿದ, ಮರವನ್ನು ನೋಡಿದ, ನಮ್ಮನ್ನು ನೋಡಿದ.

"ಅಯ್ಯೋ, ಸಿಗಾಕಿಸ್‌ಬುಟ್ಟಲ್ಲವ್ವ ನನ್ನ!" ಎಂದ. "ಉಂಡ್ ಮನೆಗೆ ಮುಯ್ಯಿ ತೀರುಸ್ದೆ ಓದ್ರೆ ನಮ್ಮವ್ವ ಒಳೀಕ್ ಸೇರ್ಸಾಕಿಲ್ಲ. ಏನ್ ಮಾಡ್ಬೇಕು ಏಳು."

"ಏನಿಲ್ಲ ಕಣ್ಲಾ" ಎಂದರು ಕೆಂಪರಾಜು, ಬಾಗಿದ ಹಾರೆಯಿಂದ ಏರಿಯನ್ನು ತೋರಿಸುತ್ತ. "ಅದುನ್ನ ಒಂದ್ ಕಿತ ಸೀಳ್‌ಬುಡು. ನೀರು ಕಾಲ್ವೆಗೆ ಓಯ್ತದೆ. ಮರ ಮುಟ್‌ಬ್ಯಾಡ."

ನಾವು ಕೆಡವಲಾಗದ ನಮ್ಮ ಹೆಮ್ಮೆಯನ್ನು ಆ ಯಂತ್ರ ಬೇಗನೆ ಸೀಳಿಹಾಕಿತು. ಕಪ್ಪು ನೀರು ಒಂದು ಸಲ ತಡವರಿಸಿ, ಆಮೇಲೆ ಧೋ ಎಂದು ಕಾಲುವೆಗೆ ಬಿತ್ತು. ಹಿಂದೆಯೇ ಕಪ್ಪೆಗಳೂ ಹೋದವು. ಜನ ಚಪ್ಪಾಳೆ ತಟ್ಟಿದರು. ಚಾಲಕ ಅಷ್ಟಕ್ಕೇ ನಿಲ್ಲಿಸಲಿಲ್ಲ. ಪಡೆದದ್ದಕ್ಕಿಂತ ಒಂದು ಹಿಡಿ ಹೆಚ್ಚು ತೀರಿಸಬೇಕಲ್ಲ, ಒರಗಿದ್ದ ಬೇವಿನ ಸುತ್ತ ಒಣಮಣ್ಣು ತಂದು ಸುರಿದು ಕೊಕ್ಕೆಯ ಬೆನ್ನಿನಿಂದ ಮೆತ್ತಗೆ ತಟ್ಟಿ ನೆಟ್ಟಗೆ ನಿಲ್ಲಿಸಿದ. ಆ ಕಬ್ಬಿಣದ ಕೈ ಅಷ್ಟು ಮೃದುವಾಗಿ ತಟ್ಟಬಲ್ಲದೆಂದು ನಾನು ಎಣಿಸಿರಲಿಲ್ಲ.

ಆ ಹೊತ್ತಿಗೆ ಇಂಜಿನಿಯರ್ ಬಂದರು. ಈ ಸಲ ಚಪ್ಪಲಿಯಲ್ಲಿ.

"ಏನಯ್ಯಾ ಇದು? ಯಾರು ಹೇಳಿದ್ದು ನಿನಗೆ?"

"ನೀರು ನಿಂತಿರೋದೇ ಸಮಸ್ಯೆ ಅಂದಿದ್ರಲ್ಲ ಸಾರ್" ಎಂದ ಚಾಲಕ, ಬಾಯಿ ಒರೆಸಿಕೊಳ್ಳುತ್ತ. "ಈಗ ನೀರೇ ಇಲ್ಲ."

ಇಂಜಿನಿಯರ್ ತೋಪನ್ನು ನೋಡಿದರು. ಅವರು ಕೆಟ್ಟವರಲ್ಲ. ಅವರ ಮೇಲೂ ಒಬ್ಬ ಸಾಹೇಬರಿದ್ದಾರೆಂಬುದು ಅವರ ಮುಖದಲ್ಲೇ ಬರೆದಿತ್ತು; ಆ ಲಿಪಿ ನನಗೆ ಚೆನ್ನಾಗಿ ಓದಲು ಬರುತ್ತದೆ. "ಸರಿ, ಇವತ್ತು ನೀರಿಲ್ಲ. ನಾಳೆ ಮತ್ತೆ ನೀವು ಶುರು ಮಾಡಿದ್ರೆ ಯಾರು ಉತ್ತರ ಕೊಡೋರು? ಎಲ್ಲಾರೂ ಅಂತ ನಾನು ಫೈಲಲ್ಲಿ ಬರೆಯೋಕಾಗಲ್ಲ. ಒಬ್ಬರ ಹೆಸರು ಬೇಕು. ಬರೆದುಕೊಟ್ರೆ ಮಿಷನ್ ವಾಪಸ್ ಕಳಿಸ್ತೀನಿ. ಇಲ್ಲಾಂದ್ರೆ ಈಗಲೇ ಕೆಲಸ ಮುಂದುವರಿಯುತ್ತೆ."

"ಬರಿಯವ್ವ, ನನ್ ಎಸ್ರು ಆಕು" ಎಂದರು ಪುಟ್ಟತಾಯಮ್ಮ.

"ನಂದೂ ಆಕಿ" ಎಂದರು ಕೆಂಪರಾಜು.

"ಒಬ್ಬರೇ" ಎಂದರು ಇಂಜಿನಿಯರ್. "ಏನಾದ್ರೂ ಆದ್ರೆ ಕೇಸು ಅವರ ಮೇಲೇ."

ಅವರ ಕೈಯಿಂದ ಕಾಗದದ ಹಲಗೆಯನ್ನು ತೆಗೆದುಕೊಂಡೆ.  ಅಕ್ಷರಗಳು ನಡುಗಲಿಲ್ಲ, ಅವು ವೃತ್ತಿಯವು. 'ಸದರಿ ತೋಪಿನಲ್ಲಿ ನೀರು ನಿಂತರೆ ನಾನೇ ಹೊಣೆ. ಸದರಿ ತೋಪಿನ ಯಾವುದೇ ಮರಕ್ಕೆ ಯಂತ್ರವನ್ನು ತಾಕಿಸುವ ಮುನ್ನ ಮೊದಲು ನನ್ನನ್ನು ತೆರವುಗೊಳಿಸತಕ್ಕದ್ದು' ಎಂದು ಬರೆದು ಸಹಿ ಹಾಕಿದೆ. ಇಂಜಿನಿಯರ್ ಎರಡನೆಯ ವಾಕ್ಯವನ್ನು ಎರಡು ಸಲ ಓದಿ, ಹಲಗೆಯನ್ನು ಕಂಕುಳಿಗೆ ಸೇರಿಸಿದರು. ಯಂತ್ರ ಹಿಂದಕ್ಕೆ ಹೋಯಿತು. ವಾಹನ ನಿಲುಗಡೆಯ ಪ್ರಸ್ತಾವನೆ ಅಂದಿನಿಂದ 'ಪರಿಶೀಲನೆಯಲ್ಲಿದೆ'. ಅದು ಎದ್ದು ಬಂದರೆ ನಾವೂ ಎದ್ದು ಬರುತ್ತೇವೆ. ಸಂಘ ಈಗಲೂ ಇಲ್ಲ. ಮುಯ್ಯಿ ಇದೆ, ನೀರಿನ ಬದಲು ಈಗ ತರಗೆಲೆ ಗುಡಿಸುವುದರಲ್ಲಿ ತೀರಿಸುತ್ತಿದ್ದೇವೆ. ಒಂದೇ ಒಂದು ಎಲೆ ನೆಲದ ಮೇಲೆ ಕಾಣುವುದಿಲ್ಲ.

ಇನ್ನು ನನ್ನ ವಿಷಯ. ಅಭ್ಯಾಸಬಲದಿಂದ ನಾನು ಸಹಿಯ ಕೆಳಗೆ ಹುದ್ದೆಯನ್ನೂ ಕಚೇರಿಯ ವಿಳಾಸವನ್ನೂ ಬರೆದುಬಿಟ್ಟಿದ್ದೆ. ಸಂಬಂಧಪಟ್ಟ ಕಚೇರಿಯಿಂದ ನಮ್ಮ ಕಚೇರಿಗೆ ಪತ್ರ ಬಂತು: ತಮ್ಮ ನೌಕರರೊಬ್ಬರು ಕರ್ತವ್ಯಕ್ಕೆ ಅಡ್ಡಿಪಡಿಸಿರುತ್ತಾರೆ, ಕ್ರಮ ಕೈಗೊಳ್ಳುವುದು. ಸಾಹೇಬರು ನನ್ನನ್ನು ಕರೆದು, ಕನ್ನಡಕ ತೆಗೆದು ಹಾಕಿ ತೆಗೆದು, "ಕಾರಣ ಕೇಳಿ ಒಂದು ನೋಟಿಸು ಕೊಡಬೇಕಾಗುತ್ತೆ ಮೇಡಂ. ನಿಮಗೇನೇ" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ನೀವೇ ಬರೆದುಬಿಡಿ. ಬೇರೆಯವರು ಬರೆದರೆ ತಪ್ಪಾಗುತ್ತೆ" ಎಂದರು.

ಬರೆದೆ. ಮೆತ್ತಗಿನ ನೋಟಿಸು ಬರೆಯುವುದು ನನ್ನ ವೃತ್ತಿಗೆ ಕಳಂಕ, ಆದ್ದರಿಂದ ಖಾರವಾಗಿಯೇ ಬರೆದೆ. ಸಾಹೇಬರು ಮರುಗಿ ಎರಡು ಮಾತು ಹೊಡೆದುಹಾಕಿದರು. ವಾಕ್ಯದ ಓಟ ಕೆಡುತ್ತದೆಂದು ವಾದಿಸಿ ಎರಡನ್ನೂ ಮರಳಿ ಸೇರಿಸಿದೆ. ನೋಟಿಸನ್ನು ನನಗೆ ನಾನೇ ಜಾರಿ ಮಾಡಿ, ತಲುಪಿದ್ದಕ್ಕೆ ಸಹಿ ಪಡೆದುಕೊಂಡೆ. ಮರುದಿನ ಉತ್ತರ ಸಲ್ಲಿಸಿದೆ: 'ಹೌದು, ನಿಂತಿದ್ದೆ. ಮತ್ತೆ ಬಂದರೆ ಮತ್ತೆ ನಿಲ್ಲುತ್ತೇನೆ.' ಅಷ್ಟೇ.

ಆದರೆ ಕಡತ ಅಲ್ಲಿಗೆ ಮುಗಿಯುವುದಿಲ್ಲ. ಬಂದ ಉತ್ತರದ ಮೇಲೆ ಅಭಿಪ್ರಾಯ ಬರೆದು ಸಾಹೇಬರಿಗೆ ಮಂಡಿಸುವುದೂ ನನ್ನ ಮೇಜಿನ ಕೆಲಸ. ಆ ಉತ್ತರವನ್ನು ಪಕ್ಷಪಾತವಿಲ್ಲದೆ ಓದಿದೆ. ವಿಷಯವಿಲ್ಲ, ಉಲ್ಲೇಖವಿಲ್ಲ, ವಿನಯವಿಲ್ಲ. ಬೇರೆ ದಾರಿಯಿರಲಿಲ್ಲ. 'ಸದರಿ ನೌಕರರ ಉತ್ತರವು ಉದ್ಧಟತನದಿಂದ ಕೂಡಿದ್ದು, ಅವರಲ್ಲಿ ಪಶ್ಚಾತ್ತಾಪದ ಯಾವ ಲಕ್ಷಣವೂ ಕಂಡುಬರುವುದಿಲ್ಲ' ಎಂದು ಬರೆದು, ಮಸಿ ಆರುವವರೆಗೆ ಊದಿ, ಇನ್ನೊಮ್ಮೆ ಓದಿಕೊಂಡೆ. ಇಷ್ಟು ವರ್ಷಗಳಲ್ಲಿ ನನ್ನ ಬಗ್ಗೆ ಯಾರೂ ಇಂಥ ಒಳ್ಳೆಯ ಮಾತು ಬರೆದಿರಲಿಲ್ಲ. ಕಡತವನ್ನು ಶಾಶ್ವತ ದಾಖಲೆಗೆ ಸೇರಿಸಬಹುದೆಂದು ಶಿಫಾರಸು ಮಾಡಿದ್ದೇನೆ.